ಒಂದೇ ತೂಕದ ಸಸ್ಯ ಸಂಯುಕ್ತಗಳಿಗೆ ಸೈಕ್ಲಿಕ್ ಐಎಂಎಸ್: ಎಷ್ಟು ಸುತ್ತು ಓಡಿಸಬೇಕು?

ಸಕ್ಕರೆ ಅಂಟಿದ ಸಸ್ಯ ಸಂಯುಕ್ತಗಳಾದ ನರಿಂಜಿನ್, ನರಿರೂಟಿನ್ ಎರಡರ ಅಣುಸೂತ್ರವೂ ಒಂದೇ. ಗ್ಲೂಕೋಸಿನ 2ನೇ ಇಂಗಾಲಕ್ಕೆ ಇನ್ನೊಂದು ಸಕ್ಕರೆಯಾದ ರ‍್ಯಾಮ್ನೋಸ್ ಅಂಟಿದರೆ ನರಿಂಜಿನ್, 6ನೆಯದಕ್ಕೆ ಅಂಟಿದರೆ ನರಿರೂಟಿನ್. ಸೋಡಿಯಂ ಸೇರಿದಾಗ ಎರಡೂ m/z (ತೂಕವನ್ನು ವಿದ್ಯುದಂಶದಿಂದ ಭಾಗಿಸಿದ ಸಂಖ್ಯೆ) 603.17ರಲ್ಲೇ ಕಾಣುತ್ತವೆ. ತೂಕ ಎಷ್ಟೇ ನಿಖರವಾಗಿ ಅಳೆದರೂ ಪ್ರಯೋಜನವಿಲ್ಲ, ಆಕಾರವನ್ನೇ ನೋಡಬೇಕು. ವಾಟರ್ಸ್ ಕಂಪನಿ 2019ರಲ್ಲಿ ತಂದ ಸೆಲೆಕ್ಟ್ ಸೀರೀಸ್ ಸೈಕ್ಲಿಕ್ ಐಎಂಎಸ್ (ಅಯಾನು, ಅಂದರೆ ವಿದ್ಯುದಂಶ ಹೊತ್ತ ಅಣು, ಅನಿಲದಲ್ಲಿ ಓಡುವ ವೇಗ ನೋಡಿ ಬೇರ್ಪಡಿಸುವ ಅಯಾನ್ ಮೊಬಿಲಿಟಿ ವಿಧಾನ) ಇಂಥ ಕೆಲಸಕ್ಕೆ ನಿಜಕ್ಕೂ ಒಪ್ಪುವ ಉಪಕರಣ.

ಇದರ ಜೀವಾಳ 98 ಸೆಂಟಿಮೀಟರ್ ಉದ್ದದ ಉಂಗುರ. ನೈಟ್ರೋಜನ್ ಅನಿಲದೊಳಗೆ ಅಯಾನುಗಳು ಬೇಕಾದಷ್ಟು ಸುತ್ತು ಓಡುತ್ತವೆ; ಮೈ ಹರಡಿಕೊಂಡದ್ದು ಹಿಂದೆ ಬೀಳುತ್ತದೆ. ಒಂದು ಸುತ್ತಿಗೆ ರೆಸೊಲ್ಯೂಷನ್ (ಬೇರ್ಪಡಿಸುವ ಶಕ್ತಿ) ಸುಮಾರು 65. ಅದು ಸುತ್ತುಗಳ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ: 5 ಸುತ್ತಿಗೆ 145ರ ಆಸುಪಾಸು, 25ಕ್ಕೆ 325. ಆಕಾರದಲ್ಲಿ ಶೇ. 1ರಷ್ಟು ವ್ಯತ್ಯಾಸವಿರುವ ಜೋಡಿಗೆ 5-6 ಸುತ್ತು ಸಾಕು, ಪೀಕ್‌ಗಳ ನಡುವೆ ಕಣಿವೆ ಕಾಣತೊಡಗುತ್ತದೆ.

ಸುತ್ತು ಹೆಚ್ಚಿದಷ್ಟೂ ಒಳ್ಳೆಯದು ಅಂತ ಹೊರಟರೆ ಕೈ ಸುಡುತ್ತದೆ. ವೇಗದ ಅಯಾನು ಒಂದು ಸುತ್ತು ಮುಂದಾಗಿ ನಿಧಾನದ್ದನ್ನು ಹಿಂದಿನಿಂದ ಹಿಡಿಯುತ್ತದೆ. ಆಮೇಲೆ ಯಾವುದು ಯಾವುದೆಂದು ಹೇಳುವಂತಿಲ್ಲ. ಹಾಗಾಗಿ ಸಸ್ಯಸಾರವನ್ನು ಇಡಿಯಾಗಿ ಉಂಗುರಕ್ಕೆ ಬಿಡಬೇಡಿ. ಕ್ವಾಡ್ರುಪೋಲ್‌ನಲ್ಲಿ (ಉಂಗುರಕ್ಕೆ ಮುಂಚೆ m/z ನೋಡಿ ಸೋಸುವ ಜರಡಿ) ಬೇಕಾದ ಅಯಾನನ್ನಷ್ಟೇ ಆರಿಸಿ, 1, 3, 5, 8 ಹೀಗೆ ಸುತ್ತು ಏರಿಸುತ್ತ ಪ್ರತಿ ಹಂತದಲ್ಲೂ ಪೀಕ್ ಎಲ್ಲಿಗೆ ಸರಿಯಿತೆಂದು ಗುರುತು ಹಾಕಿಕೊಳ್ಳಿ.

ಕ್ವಾಡ್ರುಪೋಲ್ ದಾಟಿಯೂ ಬರುವ ಕಳ್ಳ ಒಬ್ಬನಿದ್ದಾನೆ. ಎರಡು ಅಣು, ಎರಡು ಸೋಡಿಯಂ ಕೂಡಿದ ಜೋಡಿಗೆ ತೂಕವೂ ವಿದ್ಯುದಂಶವೂ ಇಮ್ಮಡಿ, ಹಾಗಾಗಿ ಅದೂ 603.17ರಲ್ಲೇ ಕೂರುತ್ತದೆ. ಅದರ ಗುರುತು 603.67ರಲ್ಲಿ ಏಳುವ ಸಣ್ಣ ಪೀಕ್. ಐಸೊಟೋಪ್‌ಗಳ ಅಂತರ 1ರ ಬದಲು 0.5 ಆಗಿದ್ದರೆ ನೀವು ನೋಡುತ್ತಿರುವುದು ಎರಡನೆಯ ಐಸೋಮರ್ (ಅದೇ ಸೂತ್ರ, ಬೇರೆ ರಚನೆಯ ಅಣು) ಅಲ್ಲ. ದ್ರಾವಣವನ್ನು 1 ಮೈಕ್ರೋಮೋಲಾರ್ ಆಸುಪಾಸಿಗೆ ತೆಳು ಮಾಡಿ. ಜೋಡಿ ಕರಗುತ್ತದೆ, ಅಯಾನು ಕಿಕ್ಕಿರಿದು ಪೀಕ್ ಅಗಲವಾಗುವುದೂ ತಪ್ಪುತ್ತದೆ.

ಪ್ರೋಟಾನ್ ಸೇರಿದ ಅಯಾನುಗಳನ್ನು ನಂಬುವ ಮೊದಲು ಎರಡು ಸಲ ಯೋಚಿಸಿ. ಪ್ರೋಟಾನ್ ಒಂದೇ ಅಣುವಿನ ಎರಡು ಜಾಗಗಳಲ್ಲಿ ಕೂರಬಲ್ಲದು, ಆಗ ಶುದ್ಧ ವಸ್ತುವೇ ಎರಡು ಪೀಕ್ ಕೊಡುತ್ತದೆ. ಕೆಫಿಯೋಯಿಲ್‌ಕ್ವಿನಿಕ್ ಆಮ್ಲಗಳಂಥವು ಋಣ ಅಯಾನಾಗಿ ಓಡುವಾಗಲೂ ಪ್ರೋಟಾನ್ ಬಿಟ್ಟುಹೋದ ಜಾಗ ಬೇರೆಯಾದರೆ ಇದೇ ತೊಂದರೆ. ಪ್ರತಿಯೊಂದರ ಶುದ್ಧ ಮಾದರಿಯನ್ನು ಅದೇ ದ್ರಾವಕದಲ್ಲಿ ಒಂಟಿಯಾಗಿ ಓಡಿಸದೆ ಮಿಶ್ರಣದ ಪೀಕ್‌ಗಳಿಗೆ ಹೆಸರಿಡಬೇಡಿ. ಸಕ್ಕರೆ ಅಂಟಿದ ಫ್ಲೇವನಾಯ್ಡ್‌ಗಳಿಗೆ ನನ್ನ ಮೊದಲ ಆಯ್ಕೆ ಸೋಡಿಯಂ: ಅದನ್ನು ಹಿಡಿಯಲು ಸಕ್ಕರೆಯ ಆಮ್ಲಜನಕಗಳು ಬಾಗುತ್ತವೆ, ಕೊಂಡಿಯ ಜಾಗ ಬೇರೆಯಾದರೆ ಬಾಗುವ ಬಗೆಯೂ ಬೇರೆ. ಉಪ್ಪು ಮಾತ್ರ ಮಿತಿಯಲ್ಲಿರಲಿ, ಹೆಚ್ಚಾದರೆ ಸಿಗ್ನಲ್ಲೇ ಸೊರಗುತ್ತದೆ.

ಎಲ್‌ಸಿ (ದ್ರವ ಕ್ರೊಮಟೋಗ್ರಫಿ, ದ್ರಾವಣದಲ್ಲೇ ಬೇರ್ಪಡಿಸುವ ವಿಧಾನ) ಕಾಲಂ ಕಿತ್ತುಹಾಕಬಹುದೆಂಬ ಆಸೆ ಬೇಡ. ಕ್ಯಾಟೆಕಿನ್, ಎಪಿಕ್ಯಾಟೆಕಿನ್ ಆಕಾರದಲ್ಲಿ ಬೇರೆ, ಪ್ರಯತ್ನಿಸಬಹುದು. ಕನ್ನಡಿ ಬಿಂಬಗಳಾದ ಎರಡು ಕ್ಯಾಟೆಕಿನ್‌ಗಳು ಮಾತ್ರ ನೈಟ್ರೋಜನ್‌ನಲ್ಲಿ ನೂರು ಸುತ್ತು ಓಡಿದರೂ ಜೊತೆಯಾಗಿಯೇ ಹೊರಬರುತ್ತವೆ. ಅವಕ್ಕೆ ಕೈರಲ್ ಕಾಲಂ ಬೇಕು.