ಕೆಂಪು ಮಣ್ಣಿಗೆ ಯಾವ ಮೆಟಲ್ ಡಿಟೆಕ್ಟರ್? ಕೆಲವು ವರ್ಷ ಬಳಸಿದ ಮೇಲೆ ಬರೆದಿದ್ದು

ಮೊದಲೇ ಹೇಳಿಬಿಡುತ್ತೇನೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಕಡೆಯವರಾದರೆ ಡಬ್ಬದ ಮೇಲೆ ಎಷ್ಟು ಅಡಿ ಆಳ ಅಂತ ಬರೆದಿದ್ದಾರೆ ಎಂದು ನೋಡಬೇಡಿ. ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನ ಸದ್ದನ್ನು ಕಳೆಯುವ ಸೌಲಭ್ಯ, ಇದೆಯಾ ನೋಡಿ. ಇಲ್ಲದಿದ್ದರೆ ಒಂದೇ ಸಲಕ್ಕೆ ಹಲವು ಅಲೆ ಕಳಿಸುವ ಮಲ್ಟಿ ಫ್ರೀಕ್ವೆನ್ಸಿ ಆದರೂ ಇರಬೇಕು.

ನನ್ನ ಹತ್ತಿರ ಇರುವುದು ಟರ್ಕಿಯ ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್. ಭಾವಮೈದುನನದು ಅಮೆರಿಕದ ಗ್ಯಾರೆಟ್ ಏಸ್ 300. ದಾವಣಗೆರೆಯ ಗೆಳೆಯರೊಬ್ಬರದು ಆಸ್ಟ್ರೇಲಿಯಾದ ಮೈನ್‌ಲ್ಯಾಬ್ ವ್ಯಾಂಕ್ವಿಶ್ 440. ಹೊಸಬರು ಯಾವುದು ತಗೊಳ್ಳಲಿ ಅಂತ ತಲೆ ಕೆಡಿಸಿಕೊಳ್ಳುವುದು ಹೆಚ್ಚಾಗಿ ಈ ಮೂರರ ನಡುವೆಯೇ. ಮೂರನ್ನೂ ನಮ್ಮ ತೋಟದಲ್ಲಿ, ದಾವಣಗೆರೆ ಗೆಳೆಯರ ಭದ್ರಾ ನೀರಿನ ಗದ್ದೆಯಲ್ಲಿ ಅದಲು ಬದಲು ಮಾಡಿ ಓಡಾಡಿಸಿದ್ದೇವೆ.

ನಮ್ಮ ತೋಟ ಭೀಮಸಮುದ್ರದ ಹತ್ತಿರ. ಅಡಿಕೆ ಎಷ್ಟು ಹೆಸರೋ ಕಬ್ಬಿಣದ ಅದಿರೂ ಅಷ್ಟೇ ಹೆಸರು. ಹಳೇ ಸ್ಪೀಕರಿನ ಆಯಸ್ಕಾಂತ ಒಂದನ್ನು ದಾರಕ್ಕೆ ಕಟ್ಟಿ ಒಣ ಮಣ್ಣಲ್ಲಿ ಹತ್ತು ಹೆಜ್ಜೆ ಎಳೆಯಿರಿ. ಮೈತುಂಬ ಕಪ್ಪು ಪುಡಿ ಮುಳ್ಳುಮುಳ್ಳಾಗಿ ನಿಂತರೆ ನಿಮ್ಮದೂ ಇದೇ ಜಾತಿಯ ನೆಲ. ಡಿಟೆಕ್ಟರ್ ಕೊಳ್ಳುವ ಮೊದಲು ಇದೊಂದು ಪರೀಕ್ಷೆ ಮಾಡಿ, ಖರ್ಚಿಲ್ಲ.

ಇಂಥ ನೆಲದಲ್ಲಿ ಆಗುವುದೇನು ಅಂದರೆ, ಕಾಯಿಲ್ (ಕೋಲಿನ ತುದಿಯಲ್ಲಿ ನೆಲದ ಮೇಲೆ ಆಡಿಸುವ ತಟ್ಟೆ) ಕಳಿಸುವ ಅಲೆಗೆ ಲೋಹ ಉತ್ತರ ಕೊಡುವ ಹಾಗೆ ಮಣ್ಣೂ ಉತ್ತರ ಕೊಡುತ್ತದೆ. ಗ್ರೌಂಡ್ ಬ್ಯಾಲೆನ್ಸ್ ಅಂದರೆ ಆ ಮಣ್ಣಿನ ಸದ್ದನ್ನು ಕಳೆದು ಉಳಿದಿದ್ದನ್ನು ಮಾತ್ರ ಕೇಳಿಸು ಅಂತ ಯಂತ್ರಕ್ಕೆ ಹೇಳುವುದು. ಸಿಂಪ್ಲೆಕ್ಸಿನಲ್ಲಿ ಗುಂಡಿ ಒತ್ತಿ ಹಿಡಿದು ಕಾಯಿಲನ್ನು ನೆಲದ ಮೇಲೆ ನಾಲ್ಕಾರು ಸಲ ಮೇಲೆ ಕೆಳಗೆ ಆಡಿಸಿದರೆ ಆಯ್ತು. ಏಸ್ 300ರಲ್ಲಿ ಆ ಸೌಲಭ್ಯ ಇಲ್ಲ. ಹಾಗಾಗಿ ಕೆಂಪು ನೆಲದಲ್ಲಿ ಅದರ ಸೆನ್ಸಿಟಿವಿಟಿ ಇಳಿಸಲೇಬೇಕು. ಇಳಿಸಿದರೆ ಆಳವೂ ಹೋಯ್ತು. ಅದೇ ಯಂತ್ರ ಗೆಳೆಯರ ಗದ್ದೆಯಲ್ಲಿ ತೆಪ್ಪಗೆ, ನಿಖರವಾಗಿ ಕೆಲಸ ಮಾಡುತ್ತದೆ. ಹಗುರ, ಮಕ್ಕಳೂ ಹಿಡಿಯಬಹುದು, ಕಲಿಯಲು ಅರ್ಧ ಗಂಟೆ ಸಾಕು. ದಾವಣಗೆರೆ, ಹರಿಹರದ ಗದ್ದೆ ಬಯಲಿನವರಿಗೆ ಅದನ್ನೇ ಹೇಳುತ್ತೇನೆ. ವ್ಯಾಂಕ್ವಿಶ್ ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿ ಕಳಿಸುತ್ತದೆ. ನಾವು ಏನೂ ತಿರುವದೆಯೇ ಎರಡೂ ನೆಲದಲ್ಲಿ ಒಗ್ಗಿಕೊಂಡಿತು. ದುಡ್ಡು ಸ್ವಲ್ಪ ಜಾಸ್ತಿ ಅಷ್ಟೇ.

ಆಳದ ವಿಷಯ. ಈ ದರ್ಜೆಯ ಯಾವ ಯಂತ್ರವಾದರೂ ಒಂದು ನಾಣ್ಯವನ್ನು ಆರೆಂಟು ಇಂಚಿನಲ್ಲಿ ಹಿಡಿದರೆ ಅದೇ ಹೆಚ್ಚು. ಹತ್ತು ಅಡಿ ಕೆಳಗಿನ ಕೊಪ್ಪರಿಗೆ ತೋರಿಸುತ್ತೇವೆ ಅಂತ ಎರಡು ಆಂಟೆನಾ ಕಡ್ಡಿ ಇರುವ ಪೆಟ್ಟಿಗೆಯನ್ನು ಲಕ್ಷಗಟ್ಟಲೆಗೆ ಮಾರುತ್ತಾರಲ್ಲ, ಅದು ಶುದ್ಧ ಟೋಪಿ.

ಇನ್ನು ಯಾವ ಲೋಹ ಅಂತ ಅಂದಾಜಿಗೆ ಹೇಳುವ ಪರದೆಯ ಮೇಲಿನ ನಂಬರ್. ವಿದೇಶಿ ವಿಡಿಯೋ ನೋಡಿ ಕಲಿತವರಿಗೆ ಇಲ್ಲೇ ಗೊಂದಲ. ನಮ್ಮ ಈಗಿನ ಒಂದು, ಎರಡು ರೂಪಾಯಿ ಸ್ಟೀಲಿನವು, ಆಯಸ್ಕಾಂತಕ್ಕೆ ಅಂಟುತ್ತವೆ. ಕಬ್ಬಿಣ ಬೇಡ ಅಂತ ಸೆಟ್ ಮಾಡಿದರೆ ಅವೂ ತಪ್ಪಿಹೋಗಬಹುದು. ಹಳೇ ಹತ್ತು ಪೈಸೆ, ಇಪ್ಪತ್ತು ಪೈಸೆಯ ಅಲ್ಯೂಮಿನಿಯಂ ನಾಣ್ಯಗಳು ಚೆನ್ನಾಗಿ ಕೂಗುತ್ತವೆ. ಆದರೆ ಕ್ವಾರ್ಟರ್ ಬಾಟಲಿಯ ಮುಚ್ಚಳವೂ ಅಲ್ಯೂಮಿನಿಯಂ, ಅದೂ ಅಷ್ಟೇ ಚೆನ್ನಾಗಿ ಕೂಗುತ್ತದೆ! ರಸ್ತೆ ಪಕ್ಕದ ಹೊಲವಾದರೆ ಮುಚ್ಚಳ ಹೆಕ್ಕುವುದೇ ಕೆಲಸ. ಅದರ ಜೊತೆಗೆ ಎತ್ತಿನ ಲಾಳ, ಮುರಿದ ಕುಳ, ಮೋಟಾರ್ ರಿವೈಂಡಿಂಗ್ ಮಾಡಿದವರು ಬಿಸಾಡಿದ ತಾಮ್ರದ ತಂತಿ. ನಮ್ಮ ಹಳೇ ಕಣದಲ್ಲಿ ಒಂದು ತೂತಿನ ಕಾಸು ಸಿಕ್ಕಿದೆ, 1943ರಿಂದ 1947ರವರೆಗೆ ಟಂಕಿಸಿದ ಕಂಚಿನ ಕಾಸು. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಸುಮ್ನೆ ನೀರಲ್ಲಿ ನೆನೆಸಿ ಮೆತ್ತಗೆ ಒರೆಸಿ.

ಬಂಗಾರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಪಕ್ಕದ ಹೊಲದ ಅಕ್ಕನ ಓಲೆ ಶೇಂಗಾ ಕೀಳುವಾಗ ಬಿದ್ದುಹೋಗಿತ್ತು.

"ಏನ್ ತಮ್ಮಾ, ನಿನ್ನ ಮಿಷನ್ನು ಬಂಗಾರ ಹಿಡೀತದಾ?"

"ಹಿಡೀತದೆ ಅಕ್ಕಾ, ಮಾತ್ರೆ ಪಟ್ಟೀನೂ ಹಿಡೀತದೆ."

ಅದು ನಿಜ. ಸಣ್ಣ ಬಂಗಾರ, ಅಲ್ಯೂಮಿನಿಯಂ ಹಾಳೆ ಎರಡರ ನಂಬರೂ ಒಂದೇ ಆಸುಪಾಸು. ಹಾಗಾಗಿ ಆವತ್ತು ಎಲ್ಲವನ್ನೂ ಕೂಗಲು ಬಿಟ್ಟು, ಅವರು ಕೂತು ಕಿತ್ತ ಸಾಲುಗಳನ್ನು ಮಾತ್ರ ಹಿಡಿದೆವು. ಕಾಯಿಲನ್ನು ನೆಲಕ್ಕೆ ತಾಗುವ ಹಾಗೆ ಇಟ್ಟು, ಒಂದು ಗೀಟಿನ ಮೇಲೆ ಇನ್ನೊಂದು ಗೀಟು ಬರುವಂತೆ ನಿಧಾನಕ್ಕೆ. ಎರಡು ಬೆರಳು ಆಳದಲ್ಲಿ, ಬೇರಿನ ಮಣ್ಣುಂಡೆ ಒಳಗೆ ಓಲೆ ಸಿಕ್ಕಿತು. ತಿರುಪು ಸಿಗಲಿಲ್ಲ. ಅಷ್ಟು ಸಣ್ಣದನ್ನು ಸಿಂಪ್ಲೆಕ್ಸಿನಂಥ 12 ಕಿಲೋಹರ್ಟ್ಸ್ ಯಂತ್ರದಿಂದ ನಿರೀಕ್ಷಿಸುವುದೂ ತಪ್ಪು. ಮಣ್ಣುಂಡೆಯೊಳಗೆ ಹುಡುಕಲು ಬೇಕಾಗಿದ್ದು ಪಿನ್‌ಪಾಯಿಂಟರ್, ಅಂದರೆ ಕೈಯಲ್ಲಿ ಹಿಡಿಯುವ ಪುಟ್ಟ ಕಡ್ಡಿಯಂಥ ಡಿಟೆಕ್ಟರ್. ದುಡ್ಡು ಕಡಿಮೆ ಬಿದ್ದರೆ ಡಿಟೆಕ್ಟರಿನ ಒಂದು ದರ್ಜೆ ಇಳಿಸಿ, ಪಿನ್‌ಪಾಯಿಂಟರ್ ಬಿಡಬೇಡಿ.

ಸಿಂಪ್ಲೆಕ್ಸಿನಲ್ಲಿ ನನಗೆ ಒಗ್ಗದ್ದು ಎರಡು. 11 ಇಂಚಿನ ಕಾಯಿಲ್ ಅಡಿಕೆ ಬುಡಗಳ ನಡುವೆ, ಡ್ರಿಪ್ ಪೈಪಿನ ಸಂದಿಯಲ್ಲಿ ದೊಡ್ಡದಾಯ್ತು. ಬ್ಯಾಟರಿ ಒಳಗೇ ಇದೆ, ಹೊಲದಲ್ಲಿ ಮುಗಿದರೆ ಪವರ್‌ಬ್ಯಾಂಕಿಗೆ ತಂತಿ ಹಾಕಿಕೊಂಡೇ ಓಡಾಡಬೇಕು. ಏಸ್, ವ್ಯಾಂಕ್ವಿಶ್ ಎರಡಕ್ಕೂ ಪೆನ್ಸಿಲ್ ಸೆಲ್ ಸಾಕು. ಆದರೆ ಸಿಂಪ್ಲೆಕ್ಸ್ ಪೂರ್ತಿ 3 ಮೀಟರ್ ನೀರಲ್ಲಿ ಮುಳುಗಬಹುದು. ಉಳಿದೆರಡರಲ್ಲಿ ಕಾಯಿಲ್ ಮಾತ್ರ ನೆನೆಯಬಹುದು, ಮಳೆ ಬಂದರೆ ಪೆಟ್ಟಿಗೆಗೆ ಕವರ್ ಕಟ್ಟಬೇಕು.

ಕರೆಂಟಿನ ಕಾಟ ಮೂರಕ್ಕೂ ಇದೆ. ತ್ರೀಫೇಸ್ ಬಂದು ಬೋರ್ ಶುರುವಾದರೆ ಟೀಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಯಾವುದೂ ಸುಮ್ಮನಿರುವುದಿಲ್ಲ. ಕರೆಂಟ್ ಹೋದ ಮೇಲೆ ಹೊರಡಿ.

ಕಾನೂನಿನ ಮಾತು ಬೇಸರ, ಆದರೂ ಹೇಳಲೇಬೇಕು. ನಮ್ಮ ಜಿಲ್ಲೆಯಲ್ಲಿ ನಿಧಿಗಳ್ಳರು ದೇವಸ್ಥಾನ ಅಗೆದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ, ಹೆಗಲ ಮೇಲೆ ಈ ಯಂತ್ರ ಕಂಡರೆ ಜನ ಅನುಮಾನದಿಂದಲೇ ನೋಡುತ್ತಾರೆ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿವೆಯಂತೆ, ಒಂದು ಕೈ ನೋಡೋಣ್ವಾ ಅಂತ ಕೇಳಿದವರಿದ್ದಾರೆ. ಸಿಕ್ಕಿದ್ದು ಹೌದು, ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಪದರ ಪದರವಾಗಿ ಉತ್ಖನನ ಮಾಡಿದ ಜಾಗ ಅದು. ಅಲ್ಲಿ, ಕೋಟೆಯಲ್ಲಿ, ಬ್ರಹ್ಮಗಿರಿಯಲ್ಲಿ ಗುದ್ದಲಿ ಹಾಕುವ ಯೋಚನೆಯೇ ಬೇಡ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಸ್ವಂತ ಹೊಲದಲ್ಲಿ ಸಿಕ್ಕ ನಿಧಿಯೂ ತಾನಾಗಿ ನಿಮ್ಮದಾಗುವುದಿಲ್ಲ. 1878ರ ನಿಧಿ ಕಾಯ್ದೆ 10 ರೂಪಾಯಿ ಮೀರಿದ ನಿಧಿಯನ್ನೇ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು ಎನ್ನುತ್ತದೆ, ಕರ್ನಾಟಕಕ್ಕೆ 1962ರ ಕಾಯ್ದೆಯೂ ಇದೆ. ನಾನು ಸ್ವಂತ ಜಮೀನು, ಇಲ್ಲವೇ ಮಾಲೀಕರು ಜೊತೆಗೇ ನಿಂತ ಜಮೀನು ಬಿಟ್ಟು ಬೇರೆಡೆ ಹೋಗುವುದಿಲ್ಲ.

ಕೊಳ್ಳುವಾಗ ಬಿಲ್ ಮತ್ತು ಇಲ್ಲಿನ ವಾರಂಟಿ ಕೇಳಿ. ಭಾವಮೈದುನ ಮೊದಲು ಆನ್‌ಲೈನಿನಲ್ಲಿ ಏಳೆಂಟು ಸಾವಿರದ ಹೆಸರಿಲ್ಲದ ಒಂದನ್ನು ತರಿಸಿದ್ದ. ಕಾಯಿಲ್ ವೈರ್ ಕಿತ್ತಾಗ ಮಾರಿದವರು ಫೋನೇ ಎತ್ತಲಿಲ್ಲ. ಆಗ ಬೆಸುಗೆ ಹಾಕಿಕೊಟ್ಟಿದ್ದು ನಮ್ಮೂರಿನ ಮೋಟಾರ್ ರಿವೈಂಡಿಂಗ್ ಅಂಗಡಿಯವರು, ಈಗ ಅದನ್ನು ಗೋಡೆಯೊಳಗಿನ ಪೈಪ್ ಹುಡುಕಲು ಅವರೇ ಇಟ್ಟುಕೊಂಡಿದ್ದಾರೆ.