ಗೋಥೆನ್‌ಬರ್ಗ್‌ನ ಮೂರು ಆಲ್ಬಂ, ಮೂರು ವಾರ

ಕಳೆದ ತಿಂಗಳು ನನ್ನ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಮೆಲೊಡಿಕ್ ಡೆತ್ ಮೆಟಲ್ ಕೇಳೋಕೆ ಶುರು ಮಾಡ್ಬೇಕು. ಈಚಿನದ್ದೇ ಇರ್ಲಿ. ಒಂದೇ ಒಂದು ಸಿಡಿ ತಗೊಳ್ತೀನಿ, ಯಾವುದು ಹೇಳು" ಅಂದ. ಗರ್ಜಿಸುವ ಹಾಡಿಕೆ, ಅದರ ಜೊತೆ ಇಂಪಾದ ಗಿಟಾರ್ ಟ್ಯೂನ್ ಇರುವ ಮೆಟಲ್ ಅದು. ತಕ್ಷಣ ಉತ್ತರ ಹೊಳೆಯಲಿಲ್ಲ. ಮನಸ್ಸಿನಲ್ಲಿ ಮೂರು ಹೆಸರಿದ್ದವು. ಇನ್ ಫ್ಲೇಮ್ಸ್‌ನ 'ಫೋರ್‌ಗಾನ್' (2023), ಡಾರ್ಕ್ ಟ್ರಾಂಕ್ವಿಲಿಟಿಯ 'ಎಂಡ್‌ಟೈಮ್ ಸಿಗ್ನಲ್ಸ್' (2024), ದಿ ಹೇಲೋ ಎಫೆಕ್ಟ್‌ನ 'ಮಾರ್ಚ್ ಆಫ್ ದಿ ಅನ್‌ಹರ್ಡ್' (2025).

ಮೂರನ್ನೂ ಮೊದಲೇ ಕೇಳಿದ್ದೆ. ಆದರೆ ಪಕ್ಕಪಕ್ಕ ಇಟ್ಟು ಕೇಳಿರಲಿಲ್ಲ. ಹಾಗಾಗಿ ವಾರಕ್ಕೊಂದರಂತೆ ಹಂಚಿಕೊಂಡೆ. ಅದೇ ಹಳೇ ವೈರಿನ ಹೆಡ್‌ಫೋನ್, ಅದೇ ವಾಲ್ಯೂಮ್. ಬೆಳಗ್ಗೆ ಬಸ್ಸಿನಲ್ಲಿ ಒಂದು ಸಲ, ರಾತ್ರಿ ಊಟ ಆದಮೇಲೆ ಲೈಟ್ ಆರಿಸಿ ಇನ್ನೊಂದು ಸಲ. ಮೂರರಲ್ಲೂ ಹನ್ನೆರಡು ಹನ್ನೆರಡು ಟ್ರ್ಯಾಕ್ ಇರೋದರಿಂದ ಹೋಲಿಸೋಕೂ ಅನುಕೂಲ ಆಯ್ತು.

ಒಂದು ವಿಷಯ ಮೊದಲೇ ಹೇಳಬೇಕು. ಇವು ಮೂರೂ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಬ್ಯಾಂಡ್‌ಗಳು, ಒಂದೇ ಮನೆಯ ದಾಯಾದಿಗಳು ಅಂದರೂ ನಡೆಯುತ್ತದೆ. ಡಾರ್ಕ್ ಟ್ರಾಂಕ್ವಿಲಿಟಿಯ ಮೊದಲ ಆಲ್ಬಂ 1993ರ 'ಸ್ಕೈಡ್ಯಾನ್ಸರ್'ನಲ್ಲಿ ಹಾಡಿದ್ದು ಆಂಡರ್ಸ್ ಫ್ರಿಡೇನ್. ಆಗ ಮಿಕಾಯೆಲ್ ಸ್ಟಾನೆ ಅಲ್ಲಿ ಗಿಟಾರ್ ನುಡಿಸುತ್ತಿದ್ದ. ಮರುವರ್ಷ ಇನ್ ಫ್ಲೇಮ್ಸ್‌ನ ಮೊದಲ ಆಲ್ಬಂ 'ಲೂನಾರ್ ಸ್ಟ್ರೇನ್'ಗೆ ಹಾಡಿದ್ದು ಇದೇ ಸ್ಟಾನೆ! ಕೊನೆಗೆ ಫ್ರಿಡೇನ್ ಇನ್ ಫ್ಲೇಮ್ಸ್‌ನಲ್ಲಿ ನೆಲೆ ನಿಂತ, ಸ್ಟಾನೆ ಡಾರ್ಕ್ ಟ್ರಾಂಕ್ವಿಲಿಟಿಯ ದನಿಯಾದ. ಹೇಲೋ ಎಫೆಕ್ಟ್‌ನಲ್ಲಿ ಹಾಡುವವನೂ ಸ್ಟಾನೆಯೇ, ಅವನನ್ನು ಬಿಟ್ಟರೆ ಉಳಿದ ನಾಲ್ವರೂ ಇನ್ ಫ್ಲೇಮ್ಸ್ ಬಿಟ್ಟು ಬಂದವರು. ಅದರಲ್ಲಿ ಒಬ್ಬ ಯೆಸ್ಪರ್ ಸ್ಟ್ರೋಮ್‌ಬ್ಲಾಡ್. 1990ರಲ್ಲಿ ಇನ್ ಫ್ಲೇಮ್ಸ್ ಕಟ್ಟಿದವನೇ ಅವನು.

ಮೊದಲ ವಾರ 'ಫೋರ್‌ಗಾನ್'. ಇದೇ ಗೆಲ್ಲಲಿ ಅಂತ ನನಗೆ ಆಸೆ ಇತ್ತು. ನಾನು ಈ ಸಂಗೀತಕ್ಕೆ ಬಿದ್ದಿದ್ದೇ ಇನ್ ಫ್ಲೇಮ್ಸ್‌ನ 2000ದ 'ಕ್ಲೇಮನ್' ಕೇಳಿ. ಅಕೌಸ್ಟಿಕ್ ಗಿಟಾರಿನ ಸಣ್ಣ ಪೀಠಿಕೆ ಮುಗಿದು 'ಸ್ಟೇಟ್ ಆಫ್ ಸ್ಲೋ ಡಿಕೇ' ಶುರುವಾದಾಗ ಬಸ್ಸಿನಲ್ಲಿ ಕೂತಿದ್ದವನು ಸೆಟೆದು ಕೂತೆ. ಗಿಟಾರಿನಲ್ಲಿ ಬ್ಯೋರ್ನ್ ಗೆಲೊಟ್ಟೆ ಜೊತೆ ಇಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಗಾಡೆತ್‌ನಲ್ಲಿದ್ದ ಕ್ರಿಸ್ ಬ್ರೊಡೆರಿಕ್ ಇದ್ದಾನೆ. ಇಬ್ಬರ ಕೈಯೂ ಪಳಗಿದ್ದು. ಟ್ಯಾನರ್ ವೇನ್‌ನ ಡ್ರಮ್ಸ್ ಅಂತೂ ಮೂರು ಆಲ್ಬಂಗಳಲ್ಲೇ ಜಾಸ್ತಿ ಗಟ್ಟಿ. 'ದಿ ಗ್ರೇಟ್ ಡಿಸೀವರ್' ಕೇಳುವಾಗ ಕಾಲು ಸುಮ್ನೆ ಇರೋದೇ ಇಲ್ಲ. ಶೀರ್ಷಿಕೆ ಹಾಡಿನ ಎರಡು ಭಾಗಗಳೂ ಚೆನ್ನಾಗಿವೆ. ಮೊದಲನೆಯದು ನುಗ್ಗುತ್ತದೆ, ಎರಡನೆಯದು ಉಸಿರು ಬಿಡುತ್ತದೆ.

ತೊಂದರೆ ಇರೋದು ಪಲ್ಲವಿಗಳಲ್ಲಿ. ಚರಣದಲ್ಲಿ ರಿಫ್ (ಮರಳಿ ಮರಳಿ ಬರುವ ಗಿಟಾರ್ ತುಣುಕು) ಕಟ್ಟಿಕೊಂಡು ಬಂದ ಬಿಗಿ ಎಷ್ಟೋ ಹಾಡುಗಳಲ್ಲಿ ಪಲ್ಲವಿ ಬಂದ ಕೂಡಲೇ ಸಡಿಲವಾಗುತ್ತದೆ. ಫ್ರಿಡೇನ್ ಸಹಜ ದನಿಯಲ್ಲಿ ಹಾಡಬಾರದು ಅಂತ ನಾನು ಹೇಳುತ್ತಿಲ್ಲ. 'ಪ್ಯೂರ್ ಲೈಟ್ ಆಫ್ ಮೈಂಡ್'ನಲ್ಲಿ ಅವನ ದನಿ ಚೆನ್ನಾಗಿಯೇ ಇದೆ. ಆದರೆ ಅಂಥ ಪಲ್ಲವಿ ಮೇಲೆ ಮೇಲೆ ಬಂದಾಗ ಈ ಹಾಡು ಯಾವುದು, ಹಿಂದಿನದು ಯಾವುದು ಅನ್ನೋದು ಮರೆತುಹೋಗುತ್ತದೆ. ವಾರ ಮುಗಿಯೋ ಹೊತ್ತಿಗೆ ನಾನು ಹನ್ನೆರಡರಲ್ಲಿ ಐದನ್ನು ಮಾತ್ರ ಕೇಳುತ್ತಿದ್ದೆ.

ಎರಡನೇ ವಾರ 'ಮಾರ್ಚ್ ಆಫ್ ದಿ ಅನ್‌ಹರ್ಡ್'. ಇದು ಮೊದಲ ಸಲಕ್ಕೇ ಹಿಡಿಸುವ ಆಲ್ಬಂ. ಗೋಥೆನ್‌ಬರ್ಗ್ ಶೈಲಿ ಅಂದರೆ ಏನು ಅಂತ ಯಾರಾದರೂ ಕೇಳಿದರೆ ಇದನ್ನೇ ಹಾಕಬಹುದು. ಒಂದು ಗಿಟಾರ್ ಟ್ಯೂನ್ ಹಿಡಿಯುತ್ತದೆ, ಇನ್ನೊಂದು ಅದೇ ಟ್ಯೂನನ್ನು ಎರಡು ಸ್ವರ ಮೇಲಿಂದ ನುಡಿಸುತ್ತದೆ. ಒಂದು ಸ ಅಂದರೆ ಇನ್ನೊಂದು ಗ. ಎರಡೂ ಕೈ ಹಿಡಿದುಕೊಂಡು ಓಡುತ್ತವೆ, ಕೆಳಗೆ ಡಬಲ್ ಬಾಸ್ ಡ್ರಮ್ ಗುಡುಗುತ್ತಿರುತ್ತದೆ. 'ಡಿಟೊನೇಟ್', 'ಕ್ರುಯಲ್ ಪರ್ಸೆಪ್ಷನ್' ಎರಡರಲ್ಲೂ ಇದೇ ಜೀವಾಳ. 'ಕ್ರುಯಲ್ ಪರ್ಸೆಪ್ಷನ್'ನ ಟ್ಯೂನನ್ನು ಮೂರನೇ ದಿನ ನಾನು ಪಾತ್ರೆ ತೊಳೆಯುತ್ತಾ ಗುನುಗುತ್ತಿದ್ದೆ. ಡೆತ್ ಮೆಟಲ್ ಹಾಡನ್ನು ಗುನುಗಬಹುದು ಅನ್ನೋದೇ ಈ ಪ್ರಕಾರದ ಸೊಗಸು, ಅಲ್ವಾ?

1996ರ 'ದಿ ಜೆಸ್ಟರ್ ರೇಸ್' ಕಾಲದ ಇನ್ ಫ್ಲೇಮ್ಸ್ ಬೇಕು ಅನ್ನೋರಿಗೆ ಆ ರುಚಿ 'ಫೋರ್‌ಗಾನ್'ಗಿಂತ ಇಲ್ಲೇ ಹೆಚ್ಚು ಸಿಗುತ್ತದೆ. ಸ್ಟ್ರೋಮ್‌ಬ್ಲಾಡ್‌ನ ಕೈಬರಹ ಪ್ರತಿ ಹಾಡಿನಲ್ಲೂ ಕಾಣುತ್ತದೆ. ಆದರೂ ವಾರದ ಕೊನೆಗೆ ನನಗೆ ಒಂದು ಕೊರತೆ ಕಂಡಿತು. ಇವರು ತಮಗೆ ಚೆನ್ನಾಗಿ ಗೊತ್ತಿರುವುದನ್ನೇ ಚೆನ್ನಾಗಿ ಮಾಡಿದ್ದಾರೆ. ಎಲ್ಲೂ ಎಡವುವುದಿಲ್ಲ, ಎಲ್ಲೂ ಬೆಚ್ಚಿಬೀಳಿಸುವುದೂ ಇಲ್ಲ.

ಮೂರನೇ ವಾರ 'ಎಂಡ್‌ಟೈಮ್ ಸಿಗ್ನಲ್ಸ್'. ಮತ್ತೆ ಅದೇ ಸ್ಟಾನೆ, ಅದೇ ಗಂಟಲು. ಹೇಲೋ ಎಫೆಕ್ಟ್‌ಗೂ ಇದಕ್ಕೂ ನಡುವೆ ಐದೇ ತಿಂಗಳ ಅಂತರ. ಒಬ್ಬನೇ ಮನುಷ್ಯ ಎರಡು ಕಡೆ ಹಾಡಿದರೆ ಎಷ್ಟು ವ್ಯತ್ಯಾಸ ಇರೋಕೆ ಸಾಧ್ಯ ಅಂದುಕೊಂಡಿದ್ದೆ. ತುಂಬಾ ಇದೆ. ಅಲ್ಲಿ ಗಿಟಾರ್ ಮುಂದೆ ಓಡುತ್ತದೆ, ಸ್ಟಾನೆ ಅದರ ಜೊತೆ ಹೆಜ್ಜೆ ಹಾಕುತ್ತಾನೆ. ಇಲ್ಲಿ ಎಲ್ಲರೂ ಅವನಿಗೆ ಜಾಗ ಬಿಟ್ಟು ನಿಲ್ಲುತ್ತಾರೆ. ಮಾರ್ಟಿನ್ ಬ್ರ್ಯಾಂಡ್‌ಸ್ಟ್ರೋಮ್‌ನ ಕೀಬೋರ್ಡ್ ಹಿಂದಿನಿಂದ ಮಂಜಿನ ಹಾಗೆ ಹರಡಿಕೊಳ್ಳುತ್ತದೆ. ಯೋಹಾನ್ ರೈನ್‌ಹೋಲ್ಜ್‌ನ ಗಿಟಾರ್ ಅಗತ್ಯ ಇದ್ದಷ್ಟೇ ಮಾತಾಡುತ್ತದೆ. 'ಅನ್‌ಫರ್ಗಿವಬಲ್' ಥರದ ಸಿಟ್ಟಿನ ಹಾಡೂ ಇದೆ, 'ದಿ ಲಾಸ್ಟ್ ಇಮ್ಯಾಜಿನೇಷನ್' ಥರ ಸಿಟ್ಟೂ ದುಃಖವೂ ಒಟ್ಟಿಗೆ ಬರುವ ಹಾಡೂ ಇದೆ.

ಈ ಆಲ್ಬಂ ಮಾಡುವ ಹೊತ್ತಿಗೆ ಬ್ಯಾಂಡ್ ಕಟ್ಟಿದವರಲ್ಲಿ ಉಳಿದಿದ್ದವನು ಸ್ಟಾನೆ ಒಬ್ಬನೇ. ಮೊದಲ ದಿನದಿಂದ ಜೊತೆಗಿದ್ದ ಡ್ರಮ್ಮರ್ ಆಂಡರ್ಸ್ ಯಿವಾರ್ಪ್ 2021ರಲ್ಲಿ ಹೊರಟಿದ್ದ. ಇವರದೇ 1995ರ ಆಲ್ಬಂ 'ದಿ ಗ್ಯಾಲರಿ'ಯಲ್ಲಿ ಗಿಟಾರ್ ನುಡಿಸಿದ್ದ ಫ್ರೆಡ್ರಿಕ್ ಯೋಹಾನ್ಸನ್ 2022ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. 'ಒನ್ ಆಫ್ ಅಸ್ ಈಸ್ ಗಾನ್' ಅವನ ನೆನಪಿಗೆ ಬರೆದ ಹಾಡು.

ಬೆಳಗ್ಗೆ ಬಸ್ಸಿನಲ್ಲಿ ಈ ಹಾಡು ಬಂದು ಹೋಗಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಟಿಕೆಟ್, ಚಿಲ್ಲರೆ, ಹಾರ್ನ್ ಗಲಾಟೆ. ರಾತ್ರಿ ಕತ್ತಲಲ್ಲಿ ಕೇಳಿದಾಗ ಕತೆಯೇ ಬೇರೆ. ಹಾಡು ನಿಧಾನ. ಸ್ಟಾನೆ ಗರ್ಜನೆ ಪಕ್ಕಕ್ಕಿಟ್ಟು ಸಹಜ ದನಿಗೆ ಇಳಿಯುತ್ತಾನೆ. ಆ ದನಿ ಗಟ್ಟಿಯಿಲ್ಲ. ಸಾವಿನ ಮನೆಯಲ್ಲಿ ಗಂಡಸರು ಬಾಗಿಲ ಹತ್ತಿರ ನಿಂತು ಮಾತಾಡುತ್ತಾರಲ್ಲ, ಹಾಗೆ ತಗ್ಗಿಸಿಕೊಂಡಿದ್ದು. ನನಗೆ ಕಾಲೇಜಿನಲ್ಲಿ ಮೊದಲ ಮೆಟಲ್ ಕ್ಯಾಸೆಟ್ ಕೊಟ್ಟ ಗೆಳೆಯನೂ ಈಗಿಲ್ಲ. ಹಾಡು ಮುಗಿದ ಮೇಲೆ ಮುಂದಿನದು ಶುರುವಾಗದಂತೆ ನಿಲ್ಲಿಸಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಮಿಕ್ಕ ಎರಡು ಆಲ್ಬಂಗಳಲ್ಲಿ ಯಾವ ಹಾಡೂ ನನ್ನನ್ನು ಹಾಗೆ ಕೂರಿಸಲಿಲ್ಲ.

ಈ ಆಲ್ಬಂ ನಿಧಾನಕ್ಕೆ ಹತ್ತುತ್ತದೆ ಅನ್ನೋದೂ ನಿಜ. ಮೊದಲ ಎರಡು ದಿನ ನಡುವಿನ ಕೆಲವು ಹಾಡು ಒಂದೇ ಥರ ಕೇಳಿಸಿದವು. ಬಸ್ಸು, ಜಿಮ್ಮು, ಅಡುಗೆಮನೆ ಅಂತ ಓಡಾಡಿಕೊಂಡು ಕೇಳೋರಿಗೆ ಹೇಲೋ ಎಫೆಕ್ಟೇ ಸರಿ. ಗಿಟಾರ್ ಕಲಿಯುತ್ತಿರುವವರು, ಡ್ರಮ್ಸ್ ಇಷ್ಟಪಡುವವರು 'ಫೋರ್‌ಗಾನ್' ತಗೊಳ್ಳಲಿ, ಆ ಐದು ಹಾಡಿಗೇ ಕೊಟ್ಟ ದುಡ್ಡು ಸಾರ್ಥಕ.

ತಮ್ಮನಿಗೆ 'ಎಂಡ್‌ಟೈಮ್ ಸಿಗ್ನಲ್ಸ್' ತಗೋ ಅಂದೆ. ಮೊದಲ ಸಲ ರಾತ್ರಿಯೇ ಕೇಳು, ಫೋನ್ ಆಫ್ ಮಾಡಿ ಕೇಳು ಅಂತಲೂ ಹೇಳಿದೆ. ನಾಲ್ಕು ದಿನ ಬಿಟ್ಟು ಫೋನ್ ಮಾಡಿದ. "ಅಣ್ಣಾ, ಆ ಮಧ್ಯದ ನಿಧಾನದ ಹಾಡು ಯಾರ ಬಗ್ಗೆ?" ಅಂತ ಕೇಳಿದ.