ವಾಣಿವಿಲಾಸ ಸಾಗರದ ಹಿನ್ನೀರಿನಲ್ಲಿ ದೋಣಿ ವಿಹಾರವೆಂದು ಮುಂಗಡ ಕೇಳುವವರ ಬಗ್ಗೆ ಎಚ್ಚರಿಕೆ

ಯುಗಾದಿ ರಜೆಗೆ ವಾಣಿವಿಲಾಸಪುರಕ್ಕೆ ಹೋಗಿ ಹಿನ್ನೀರಿನಲ್ಲಿ ದೋಣಿ ಹತ್ತಬೇಕೆಂದಿರುವ ಚಿತ್ರದುರ್ಗ, ದಾವಣಗೆರೆಯ ಕುಟುಂಬಗಳು ವಾಟ್ಸ್ಆ್ಯಪ್ ಜಾಹೀರಾತನ್ನು ನಂಬಿ ಮುಂಗಡ ಹಣ ಕಳುಹಿಸಬಾರದೆಂದು ಕೋರಿ ಇದನ್ನು ಬರೆಯುತ್ತಿದ್ದೇನೆ. ಹಬ್ಬದ ಮಾರನೆಯ ದಿನ ನಮ್ಮ ಮನೆಯವರು ಪಟ್ಟ ಪಾಡಿನಲ್ಲಿ ಹಣ ಹೋದದ್ದು ಸಣ್ಣ ಮಾತು.

ಜಾಹೀರಾತಿನಲ್ಲಿ ನೆರಳಿನ ಚಾವಣಿಯಿದ್ದ ಯಂತ್ರದೋಣಿಯ ಚಿತ್ರವಿತ್ತು. ಊಟ ಸಹಿತ ವಿಹಾರ, ಎಲ್ಲರಿಗೂ ಲೈಫ್ ಜಾಕೆಟ್ ಎಂದು ಬರೆದಿತ್ತು. ಫೋನಿನಲ್ಲಿ ಸಿಕ್ಕ ಮಧ್ಯವರ್ತಿ ಬಹಳ ವಿನಯದಿಂದ, ‘ನೀವು ಡ್ಯಾಮ್ ಹತ್ರ ಬನ್ನಿ ಸಾರ್, ನಮ್ಮ ಹುಡುಗ ಬಂದು ಕರ್ಕೊಂಡು ಹೋಗ್ತಾನೆ’ ಎಂದು ಹೇಳಿ ಪೂರ್ತಿ ಹಣವನ್ನು ಮೊದಲೇ ಹಾಕಿಸಿಕೊಂಡ. ಹುಡುಗ ಬಂದದ್ದೇನೋ ನಿಜ. ಆದರೆ ಅಣೆಕಟ್ಟೆಯಿಂದ ಬಹುದೂರ, ತೆಂಗಿನ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ಕರೆದೊಯ್ದು, ಎಂಜಿನ್ ಕೆಟ್ಟಿದೆಯೆಂದು ಹೇಳಿ ಮೀನುಗಾರರೊಬ್ಬರ ತೆಪ್ಪವನ್ನು ತೋರಿಸಿದ.

ಬಲೆಯೊಂದಿಗೆ ಇಬ್ಬರು ಕೂರುವ ತೆಪ್ಪ ಅದು. ಮಕ್ಕಳೂ ಸೇರಿ ಐವರನ್ನು ಕೂರಿಸಿದಾಗ ಅದರ ಅಂಚು ನೀರಿನಿಂದ ಗೇಣಷ್ಟೂ ಮೇಲಿರಲಿಲ್ಲ. ಜಾಕೆಟ್‌ಗಳೆಲ್ಲ ದೊಡ್ಡವರ ಅಳತೆಯವು, ಕೆಲವಕ್ಕೆ ಬಕಲ್ ಕೂಡ ಇರಲಿಲ್ಲ. ಮಗುವಿಗೆ ತೊಡಿಸಿದ ಜಾಕೆಟ್ಟನ್ನು ಭುಜದ ಬಳಿ ಹಿಡಿದು ಮೇಲಕ್ಕೆತ್ತಿ ನೋಡಬೇಕು. ಅದು ಗಲ್ಲವನ್ನು ದಾಟಿ ಕಿವಿಯವರೆಗೆ ಬಂದರೆ ನೀರಿಗೆ ಬಿದ್ದಾಗ ಮಗು ಕೆಳಗೆ, ಜಾಕೆಟ್ ಮೇಲೆ. ನನ್ನ ತಂಗಿ ಇದನ್ನು ಹೇಳಿ ತಕರಾರು ಮಾಡಿದಾಗ ಆ ಹುಡುಗ ನಕ್ಕು, ‘ಇಲ್ಲಿ ಮೊಣಕಾಲುದ್ದ ನೀರಕ್ಕ’ ಎಂದ.

ಅದು ಶುದ್ಧ ಸುಳ್ಳು. 1907ರಲ್ಲಿ ಪೂರ್ಣಗೊಂಡ ಈ ಜಲಾಶಯ 1933ರ ನಂತರ ಮೊದಲ ಸಲ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ, ದಶಕಗಳಿಂದ ಒಣಗಿದ್ದ ಅಂಚಿನಲ್ಲಿ ಬೆಳೆದಿದ್ದ ಜಾಲಿ, ತೋಟ, ಬೇಲಿ ಎಲ್ಲವೂ ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿಯುತ್ತಾ ಬಂದಂತೆ ಸತ್ತ ಮರಗಳ ತುದಿಗಳು ಮೇಲ್ಮೈಗೆ ಸ್ವಲ್ಪ ಕೆಳಗೆ, ಕಣ್ಣಿಗೆ ಬೀಳದಂತೆ ನಿಲ್ಲುತ್ತವೆ. ಮಧ್ಯಾಹ್ನ ಬಯಲುಸೀಮೆಯ ಗಾಳಿ ಎದ್ದೊಡನೆ, ಚಪ್ಪಟೆ ತಳದ ತೆಪ್ಪ ಹುಟ್ಟಿನ ಮಾತು ಕೇಳದೆ ತಿರುಗುತ್ತಾ ಅಂಥದೇ ಮರಗಳ ಕಡೆಗೆ ಸರಿಯಿತು. ತಳದ ಹೊದಿಕೆ ಹರಿದು ನೀರು ಒಳಗೆ ನುಗ್ಗಿತು. ಗಾಬರಿಯಲ್ಲಿ ಎಲ್ಲರೂ ಒಂದೇ ಕಡೆಗೆ ಎದ್ದು ನಿಂತಿದ್ದರೆ ತೆಪ್ಪ ಮಗುಚುತ್ತಿತ್ತು. ‘ಯಾರೂ ಏಳಬೇಡಿ, ಕೂತೇ ಇರಿ’ ಎಂದು ಗದರಿ, ತಾವು ನೀರಿಗಿಳಿದು ಅಂಚು ಹಿಡಿದು ತಳ್ಳುತ್ತಾ ದಡ ಸೇರಿಸಿದವರು ಆ ಮೀನುಗಾರರೇ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ನಾವು ಕೊಟ್ಟ ನಾಲ್ಕು ಸಾವಿರದಲ್ಲಿ ಅವರಿಗೆಂದು ಗೊತ್ತುಮಾಡಿದ್ದದ್ದು ಮುನ್ನೂರು ರೂಪಾಯಿ ಮಾತ್ರ, ಹರಿದ ತೆಪ್ಪದ ಖರ್ಚು ಅವರದೇ.

ಹೋಗಲೇಬೇಕೆನ್ನುವವರು ದೋಣಿಯನ್ನು ಕಣ್ಣಾರೆ ನೋಡಿದ ಮೇಲೆಯೇ ಹಣ ಕೊಡಬೇಕು, ಬೆಳಗಿನ ಹೊತ್ತಿನಲ್ಲಿ ಹೋಗಬೇಕು, ಮಕ್ಕಳ ಅಳತೆಯ ಜಾಕೆಟ್ ಇಲ್ಲವೆಂದರೆ ಇಳಿದುಬಿಡಬೇಕು. ರೇವತಿ, ಅಶ್ವಿನಿ ಮಳೆಯ ದಿನಗಳಲ್ಲಿ ಮೋಡ ಕವಿದರೆ ಗುಡುಗು ಕೇಳುವವರೆಗೂ ಕಾಯಬಾರದು. ನೀರಿನ ಮೇಲೆ ಅವಘಡವಾದರೆ ಕರೆಯಬೇಕಾದ ಸಂಖ್ಯೆ 112.

ಆ ಮಧ್ಯವರ್ತಿಯ ಫೋನ್ ಅಂದು ಸಂಜೆಯೇ ಬಂದ್ ಆಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ಹೋದ ಯುಪಿಐ ವಿವರವನ್ನು ಕೊಟ್ಟು ದೂರು ದಾಖಲಿಸಿದ್ದೇವೆ. ಹಣ ಇನ್ನೂ ಮರಳಿಲ್ಲ. ಅದೇ ವ್ಯಕ್ತಿಗೆ ಹಣ ಕಳುಹಿಸಿದವರು ಬೇರೆ ಯಾರಾದರೂ ಇದ್ದರೆ ತಾವೂ ದೂರು ಕೊಡಬೇಕೆಂದು ವಿನಂತಿ.